ಕಥೆ ಮುಗಿಯೋ ಮೊದಲೇ ಪುಟ ಹಾರುತ್ತಿದ್ದರೆ

ಬೆರಳು ನಡುಗೋ ಮಗನಿಗಾಗಿ ಪವರ್‌ಪಾಯಿಂಟ್‌ನಲ್ಲಿ ಓದಿ ಹೇಳೋ ಕಥೆಪುಸ್ತಕ ಮಾಡಿದ್ದೀರಿ, ಓದು ಮುಗಿಯೋ ಮೊದಲೇ ಪುಟ ತಿರುಗಿಬಿಡುತ್ತೆ ಅಂತ ಕೇಳಿದ್ದೀರಿ. ಅವನು ಎಲ್ಲಿ ಮುಟ್ಟಿದರೂ ಪುಟ ಹಾರುವುದಕ್ಕೆ ಕಾರಣ ಬಹುಶಃ ‘ಆನ್ ಮೌಸ್ ಕ್ಲಿಕ್’, ಅಂದರೆ ಒತ್ತಿದ ಕೂಡಲೇ ಮುಂದಿನ ಪುಟಕ್ಕೆ ಹೋಗೋ ಆಯ್ಕೆ. ಟ್ರಾನ್ಸಿಷನ್ಸ್ ಟ್ಯಾಬ್‌ನಲ್ಲಿ ಆ ಟಿಕ್ ತೆಗೆದು ‘ಅಪ್ಲೈ ಟು ಆಲ್’ ಒತ್ತಿ. ಅಷ್ಟೇ ಸಾಲದು, ಸ್ಪೇಸ್ ಬಾರ್ ತಾಗಿದರೆ ಆಗಲೂ ತಿರುಗುತ್ತೆ. ಅದಕ್ಕೆ ‘ಸೆಟಪ್ ಸ್ಲೈಡ್ ಶೋ’ದಲ್ಲಿ ಕಿಯೋಸ್ಕ್ ಆಯ್ಕೆ ಮಾಡಿ, ಆಗ ಬರೀ ಮುಟ್ಟಿದರೆ ಅಥವಾ ಕೀ ತಾಗಿದರೆ ಪುಟ ತಿರುಗಲ್ಲ.

ಈಗ ಪ್ರತಿ ಪುಟಕ್ಕೂ ಆ್ಯಕ್ಷನ್ ಬಟನ್, ಅಂದರೆ ಒತ್ತಿದರೆ ಮುಂದಿನ ಪುಟಕ್ಕೆ ಕರೆದೊಯ್ಯೋ ಬಾಣದ ಗುಂಡಿ, ಬೇಕೇ ಬೇಕು, ಇಲ್ಲದಿದ್ದರೆ ಕಥೆ ಅಲ್ಲೇ ನಿಲ್ಲುತ್ತೆ. ಅವನ ಬೆರಳು ನಡುಗುತ್ತೆ ಅಂದಿದ್ದೀರಲ್ವಾ, ಬಾಣ ದೊಡ್ಡದಿರಲಿ, ಎಲ್ಲ ಪುಟದಲ್ಲೂ ಒಂದೇ ಮೂಲೆಯಲ್ಲಿರಲಿ.

ಪುಟದಲ್ಲಿ ಯಾವುದು ಯಾವಾಗ ಬರಬೇಕು ಅಂತ ತೋರಿಸೋ ಅನಿಮೇಷನ್ ಪೇನ್‌ನಲ್ಲಿ ಮೊದಲು ಕಥೆ ಓದೋ ಆಡಿಯೋ, ಅದರ ಕೆಳಗೆ ಬಾಣಕ್ಕೆ ‘ಅಪಿಯರ್’ (ಕಾಣಿಸಿಕೊಳ್ಳೋ ಅನಿಮೇಷನ್). ಎರಡಕ್ಕೂ ‘ಆಫ್ಟರ್ ಪ್ರೀವಿಯಸ್’ (ಹಿಂದಿನದು ಮುಗಿದ ಮೇಲೆ) ಕೊಡಿ. ಓದು ಮುಗಿದ ಮೇಲೇ ಬಾಣ ಕಾಣುತ್ತೆ. ಧ್ವನಿ ನಿಮ್ಮದೇ ಇರಲಿ, ಮನೆಯಲ್ಲಿ ಆಡೋ ಬಾಗಲಕೋಟೆ ಮಾತಲ್ಲೇ ಓದಿ. ಪುಸ್ತಕದ ಕನ್ನಡಕ್ಕಿಂತ ಅವನಿಗೆ ಅದೇ ಜಾಸ್ತಿ ಹಿಡಿಸೀತು. ಶೋ ನಿಲ್ಲಿಸಲು ಎಸ್ಕೇಪ್ ಒತ್ತಿ.