ಕ್ರೀಡಾ ವಿಜ್ಞಾನದ ಸಂಶೋಧನೆಗೆ ಟಿ-ಟೆಸ್ಟ್, ಅನೋವಾ ಕಲಿತರೆ ಸಾಕೇ?

ದೈಹಿಕ ಶಿಕ್ಷಣದಲ್ಲಿ ಪಿಎಚ್.ಡಿ. ಆರಂಭಿಸುತ್ತಿರುವ ತಾವು, ಕ್ರೀಡಾ ವಿಜ್ಞಾನದಲ್ಲಿ ಈಗ ಯಾವ ಸಂಖ್ಯಾಶಾಸ್ತ್ರೀಯ ವಿಧಾನಗಳು ಬಳಕೆಗೆ ಬರುತ್ತಿವೆ, ಟಿ-ಟೆಸ್ಟ್ ಮತ್ತು ಅನೋವಾ ಕಲಿತರೆ ಸಾಕೇ ಎಂದು ಕೇಳಿದ್ದೀರಿ. ಸರಾಸರಿಗಳನ್ನು ಹೋಲಿಸಲು ಬಳಸುವ ಆ ಪರೀಕ್ಷೆಗಳೆರಡೂ ಇಂದಿಗೂ ಧಾರಾಳವಾಗಿ ಬಳಕೆಯಲ್ಲಿವೆ, ಕಲಿಯಲೇಬೇಕು. ಆದರೆ ಅಷ್ಟಕ್ಕೇ ನಿಲ್ಲಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಕ್ಷೇತ್ರದ ಮೂಲ ತೊಡಕು ಚಿಕ್ಕ ಸ್ಯಾಂಪಲ್. ಉನ್ನತ ಮಟ್ಟದ ಕ್ರೀಡಾಪಟುಗಳು ಇರುವುದೇ ಕೆಲವರು, ಅವರಲ್ಲಿ ಪ್ರಯೋಗಕ್ಕೆ ಸಿಗುವವರು ಇನ್ನೂ ಕಡಿಮೆ. ಹತ್ತು ಮಂದಿ ವಾಲಿಬಾಲ್ ಆಟಗಾರರಿಗೆ ಆರು ವಾರ ತರಬೇತಿ ಕೊಟ್ಟ ಬಳಿಕ ಜಿಗಿತದ ಎತ್ತರ ಸರಾಸರಿ 1.5 ಸೆಂ.ಮೀ. ಹೆಚ್ಚಿತು, ಆ ಬದಲಾವಣೆಯ ಮಾನಕ ವಿಚಲನೆ (ಆಟಗಾರರ ನಡುವಿನ ಏರುಪೇರಿನ ಅಳತೆ) 3 ಸೆಂ.ಮೀ. ಎಂದಿಟ್ಟುಕೊಳ್ಳಿ. ಪಿ-ಮೌಲ್ಯ, ಅಂದರೆ ಪರಿಣಾಮವೇ ಇಲ್ಲದಿದ್ದರೂ ಇಷ್ಟು ವ್ಯತ್ಯಾಸ ಆಕಸ್ಮಿಕವಾಗಿ ಕಾಣುವ ಸಂಭವನೀಯತೆ, ಸುಮಾರು 0.15 ಬರುತ್ತದೆ, ರೂಢಿಯ ಮಿತಿಯಾದ 0.05ಕ್ಕಿಂತ ಹೆಚ್ಚು. ಇದನ್ನು ನೋಡಿ 'ತರಬೇತಿಯಿಂದ ಪರಿಣಾಮವಿಲ್ಲ' ಎಂದು ಬರೆಯುವುದು ತಪ್ಪು. ಏಕೆಂದರೆ ಶೇ 95ರ ವಿಶ್ವಾಸಾಂತರವು, ಅಂದರೆ ನಿಜವಾದ ಸರಾಸರಿ ಬದಲಾವಣೆ ಇರಬಹುದಾದ ವ್ಯಾಪ್ತಿಯು, −0.6ರಿಂದ 3.6 ಸೆಂ.ಮೀ.ವರೆಗೆ ಚಾಚಿಕೊಂಡಿದೆ, ಒಳ್ಳೆಯ ಲಾಭವೂ ಇರಬಹುದು, ಏನೂ ಇಲ್ಲದಿರಲೂಬಹುದು.

ಈ ಇಕ್ಕಟ್ಟಿಗೆ ಪರಿಹಾರವೆಂದು ನ್ಯೂಜಿಲೆಂಡ್‌ನ ವಿಲ್ ಹಾಪ್ಕಿನ್ಸ್ ಮತ್ತು ಬ್ರಿಟನ್ನಿನ ಆಲನ್ ಬ್ಯಾಟರ್‌ಹ್ಯಾಮ್ 2006ರಲ್ಲಿ 'ಮ್ಯಾಗ್ನಿಟ್ಯೂಡ್ ಬೇಸ್ಡ್ ಇನ್‌ಫರೆನ್ಸ್' ಎಂಬ ವಿಧಾನವನ್ನು ಮುಂದಿಟ್ಟರು. ಗಮನಾರ್ಹವೆನಿಸುವ ಕನಿಷ್ಠ ಬದಲಾವಣೆಯನ್ನು ನಿಗದಿಪಡಿಸಿ, ಲಾಭ, ನಗಣ್ಯ, ಹಾನಿ ಎಂಬ ಮೂರಕ್ಕೂ ಸಂಭವನೀಯತೆ ಲೆಕ್ಕ ಹಾಕುವುದು ಅದರ ಕ್ರಮ. ಮೇಲಿನ ಉದಾಹರಣೆಯಲ್ಲಿ ಆ ಕನಿಷ್ಠ ಬದಲಾವಣೆಯನ್ನು 1 ಸೆಂ.ಮೀ. ಎಂದು ಹಿಡಿದರೆ ಲಾಭದ ಪಾಲು ಶೇ 70ರ ಆಸುಪಾಸಿನಲ್ಲಿ ಬರುತ್ತದೆ, ತೀರ್ಮಾನ 'ಪ್ರಯೋಜನಕಾರಿಯಾಗಿರಬಹುದು' ಎಂದಾಗುತ್ತದೆ. ತರಬೇತುದಾರರಿಗೆ ಅರ್ಥವಾಗುವ ಈ ಭಾಷೆ ಮತ್ತು ಸಿದ್ಧ ಸ್ಪ್ರೆಡ್‌ಶೀಟ್‌ಗಳ ಕಾರಣದಿಂದ ಅದು ಬಹುಬೇಗ ಹರಡಿತು. ಆದರೆ 2015ರಲ್ಲಿ ಆಸ್ಟ್ರೇಲಿಯಾದ ವೆಲ್ಶ್ ಮತ್ತು ನೈಟ್, 2018ರಲ್ಲಿ ಸ್ಟ್ಯಾನ್‌ಫರ್ಡ್‌ನ ಕ್ರಿಸ್ಟಿನ್ ಸೈನಾನಿ ಅದರ ಗಣಿತವನ್ನು ಕೆದಕಿ ನೋಡಿದರು. ಇಲ್ಲದ ಪರಿಣಾಮವನ್ನು ಇದೆ ಎನ್ನುವ ದೋಷ ಈ ವಿಧಾನದಲ್ಲಿ ಹೆಚ್ಚುತ್ತದೆ, ಅದೂ ಕ್ರೀಡಾ ವಿಜ್ಞಾನದಲ್ಲಿ ಸಾಮಾನ್ಯವಾಗಿರುವ ಚಿಕ್ಕ ಸ್ಯಾಂಪಲ್‌ಗಳಲ್ಲೇ ಉಲ್ಬಣಿಸುತ್ತದೆ ಎಂದು ಸೈನಾನಿ ತೋರಿಸಿದರು. ಹತ್ತು ಮಂದಿಯ ದತ್ತಾಂಶದಲ್ಲಿ ಇಲ್ಲದ ಮಾಹಿತಿಯನ್ನು ಯಾವ ಸೂತ್ರವೂ ಹುಟ್ಟಿಸಲಾರದು.

ಹೀಗೆಂದು ಆ ವಿಧಾನ ಎತ್ತಿದ ಪ್ರಶ್ನೆ ಸುಳ್ಳಾಗಲಿಲ್ಲ. ಎಷ್ಟು ಬದಲಾವಣೆ ಆಟಕ್ಕೆ ಮುಖ್ಯ ಎಂಬುದನ್ನು ಮೊದಲೇ ನಿರ್ಧರಿಸಿ, ಪರಿಣಾಮದ ಗಾತ್ರವನ್ನು ವಿಶ್ವಾಸಾಂತರದೊಂದಿಗೆ ವರದಿ ಮಾಡುವುದು ಈಗ ಒಳ್ಳೆಯ ಪದ್ಧತಿಯೆನಿಸಿದೆ. ಸಂಭವನೀಯತೆಯ ಭಾಷೆಯಲ್ಲೇ ಮಾತಾಡಬೇಕೆನ್ನುವವರು ತಮ್ಮ ಪೂರ್ವಗ್ರಹಿಕೆಯನ್ನು ಬಹಿರಂಗವಾಗಿ ಹೇಳಿ ಪೂರ್ಣಪ್ರಮಾಣದ ಬೇಸಿಯನ್ ವಿಶ್ಲೇಷಣೆ (ಮೊದಲಿನ ಅಂದಾಜನ್ನು ದತ್ತಾಂಶದೊಂದಿಗೆ ಸೇರಿಸಿ ಸಂಭವನೀಯತೆ ಲೆಕ್ಕ ಹಾಕುವ ಕ್ರಮ) ಮಾಡುತ್ತಿದ್ದಾರೆ. ವಿಶ್ಲೇಷಣೆಯ ಯೋಜನೆಯನ್ನು ಮುಂಚಿತವಾಗಿ ನೋಂದಾಯಿಸುವ ರೂಢಿಯೂ ನಿಧಾನವಾಗಿ ಬೆಳೆಯುತ್ತಿದೆ.

ನಿಮಗೆ ಹೆಚ್ಚು ಉಪಯೋಗಕ್ಕೆ ಬರುವುದು ಮಿಶ್ರ ಮಾದರಿ, ಅಂದರೆ ಮಿಕ್ಸೆಡ್ ಮಾಡೆಲ್, ಎಂದು ನಾನು ಭಾವಿಸುತ್ತೇನೆ. ಒಬ್ಬನೇ ಆಟಗಾರನನ್ನು ಇಡೀ ಋತುವಿನಲ್ಲಿ ಹಲವು ಬಾರಿ ಅಳೆದಾಗ ಆ ಅಳತೆಗಳು ಒಂದಕ್ಕೊಂದು ಸ್ವತಂತ್ರವಲ್ಲ, ಮಿಶ್ರ ಮಾದರಿ ಈ ನಂಟನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ಇಪ್ಪತ್ತು ಆಟಗಾರರ ಇನ್ನೂರು ಅಳತೆಗಳನ್ನು ಇನ್ನೂರು ಮಂದಿಯಂತೆ ಲೆಕ್ಕಿಸಿದರೆ ಫಲಿತಾಂಶಕ್ಕೆ ಇಲ್ಲದ ನಿಖರತೆ ಬರುತ್ತದೆ. ಒಬ್ಬನನ್ನೇ ಹಲವು ಬಾರಿ ಅಳೆದಾಗ ಬಳಸುವ ಸಾಂಪ್ರದಾಯಿಕ ಪುನರಾವರ್ತಿತ ಅನೋವಾದಲ್ಲಿ ಗಾಯದಿಂದ ಒಂದು ವಾರ ತಪ್ಪಿಸಿಕೊಂಡವನನ್ನು ಪೂರ್ತಿ ಕೈಬಿಡಬೇಕಾಗುತ್ತದೆ, ಮಿಶ್ರ ಮಾದರಿಯಲ್ಲಿ ಅವನ ಉಳಿದ ಅಳತೆಗಳು ಲೆಕ್ಕಕ್ಕೆ ಬರುತ್ತವೆ. ಉಚಿತವಾಗಿ ಸಿಗುವ ಆರ್ ತಂತ್ರಾಂಶದ 'ಎಲ್‌ಎಂಇ4' ಪ್ಯಾಕೇಜಿನಲ್ಲಿ ಇದನ್ನು ಮಾಡಬಹುದು, ಕೋಡ್ ಬರೆಯಲು ಹಿಂಜರಿಕೆಯಿದ್ದರೆ ಮೆನುಗಳ ಮೂಲಕವೇ ನಡೆಸಬಹುದಾದ 'ಜಮೋವಿ' ತಂತ್ರಾಂಶ ಇದೆ. ನಿಮ್ಮ ವಿಶ್ವವಿದ್ಯಾಲಯದ ಸಂಖ್ಯಾಶಾಸ್ತ್ರ ವಿಭಾಗದವರನ್ನು ದತ್ತಾಂಶ ಸಂಗ್ರಹಿಸುವ ಮೊದಲೇ ದಯವಿಟ್ಟು ಭೇಟಿಯಾಗಿ, ಯಾರನ್ನು ಎಷ್ಟು ಬಾರಿ ಅಳೆಯಬೇಕೆಂಬುದನ್ನು ಅವರೊಂದಿಗೆ ಕುಳಿತು ತೀರ್ಮಾನಿಸಿ.