ಹಳೆಯ ಕಾರು ಸಿಗ್ನಲ್‌ನಲ್ಲಿ ನಿಂತಾಗ ಮಾತ್ರ ಬಿಸಿಯಾಗುತ್ತದೆ, ಓಡುವಾಗ ಸರಿ. ಏನು ದೋಷ?
ಬಹುಮಟ್ಟಿಗೆ ರೇಡಿಯೇಟರ್ ಫ್ಯಾನ್. ಓಡುವಾಗ ಎದುರುಗಾಳಿಯೇ ತಂಪು ಮಾಡುತ್ತದೆ, ನಿಂತಾಗ ಫ್ಯಾನೇ ಗತಿ. ಎಲೆಕ್ಟ್ರಿಕ್ ಫ್ಯಾನ್ ಆದರೆ ಫ್ಯೂಸ್, ರಿಲೇ (ಫ್ಯಾನ್‌ಗೆ ಕರೆಂಟ್ ಹರಿಸುವ ಸ್ವಿಚ್) ನೋಡಿ. ಆಮೇಲೆ ಫ್ಯಾನಿನ ವೈರ್ ಪ್ಲಗ್ ಕಳಚಿ ಅದರ ಮೋಟರ್‌ಗೆ ಬ್ಯಾಟರಿಯಿಂದ ನೇರ 12 ವೋಲ್ಟ್ ಕೊಡಿ. ತಿರುಗಿದರೆ ದೋಷ ಥರ್ಮೋ ಸ್ವಿಚ್‌ನಲ್ಲೋ (ಬಿಸಿಯಾದಾಗ ಫ್ಯಾನ್ ಆನ್ ಮಾಡುವ ಸ್ವಿಚ್) ವೈರಿಂಗ್‌ನಲ್ಲೋ ಇದೆ. ಬೆಲ್ಟ್‌ನ ಫ್ಯಾನ್ ಆದರೆ ಬೆಲ್ಟ್ ಸಡಿಲವೇ, ಫ್ಯಾನಿನ ಕ್ಲಚ್ ಜಾರುತ್ತಿದೆಯೇ ನೋಡಿ.

ಫ್ಯಾನ್ ಸರಿಯಿದ್ದರೆ ಕೂಲೆಂಟ್ (ಎಂಜಿನ್ ತಂಪು ಮಾಡುವ ದ್ರವ) ಮಟ್ಟ, ರೇಡಿಯೇಟರ್ ಕ್ಯಾಪ್‌ನ ರಬ್ಬರ್ ಪರೀಕ್ಷಿಸಿ. ಕ್ಯಾಪ್ ಒತ್ತಡ ಹಿಡಿಯದಿದ್ದರೆ ಕೂಲೆಂಟ್ ಬೇಗ ಕುದಿಯುತ್ತದೆ. (ಬಿಸಿ ಇರುವಾಗ ಕ್ಯಾಪ್ ತೆಗೆಯಲೇಬೇಡಿ, ಕುದಿನೀರು ಮುಖಕ್ಕೇ ಚಿಮ್ಮುತ್ತದೆ.) ಸೋರಿಕೆ ಕಾಣದೆ ಕೂಲೆಂಟ್ ಇಳಿಯುತ್ತಿದ್ದು, ಎಂಜಿನ್ ಆಯಿಲ್ ಹಾಲು ಬೆರೆತಂತೆ ಕಂಡರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಹೋಗಿರಬಹುದು, ಅಂಥ ಕಾರನ್ನು ಓಡಿಸಬೇಡಿ, ಟೋ ಮಾಡಿಸಿ.