ಕಾಂಪ್ಲೆಕ್ಸ್ ಅನಾಲಿಸಿಸ್ ಆಮೇಲೆ ಇರಲಿ

ಅನಾಲಿಟಿಕ್ ನಂಬರ್ ಥಿಯರಿಗೆ (ಕ್ಯಾಲ್ಕುಲಸ್‌ನಂಥ ಸಾಧನಗಳಿಂದ ಪೂರ್ಣಾಂಕಗಳನ್ನು ಅಧ್ಯಯನ ಮಾಡುವ ಗಣಿತ) ಮೊದಲೇ ಕಾಂಪ್ಲೆಕ್ಸ್ ಅನಾಲಿಸಿಸ್ (ಸಂಕೀರ್ಣ ಸಂಖ್ಯೆಗಳ ಕ್ಯಾಲ್ಕುಲಸ್) ಬೇಕಾ ಅಂತ ಸೋಮವಾರಪೇಟೆಯಿಂದ ಕೇಳಿದ್ದೀರಿ. ಶುರುವಿಗೆ ಬೇಡ. ನಮ್ಮ ಕೊಡಗಿನ ಮಳೆಗೆ ಕರೆಂಟ್ ಹೋದರೂ ಪೆನ್ನು, ಕಾಗದ ಸಾಕು.

ಜರ್ಮನ್ ಗಣಿತಜ್ಞ ಡಿರಿಕ್ಲೆಯ 1849ರ ಉಪಾಯ ನೋಡಿ. 1ರಿಂದ 100ರವರೆಗಿನ ಎಲ್ಲ ಸಂಖ್ಯೆಗಳ ಭಾಜಕಗಳು ಒಟ್ಟು ಎಷ್ಟು? ಪ್ರತಿ ಭಾಜಕಕ್ಕೂ ಅದರಿಂದ ಭಾಗಿಸಿ ಬಂದ ಸಂಖ್ಯೆ ಜೋಡಿಯಾಗುತ್ತದೆ. ಅಂದರೆ, ಗುಣಲಬ್ಧ 100 ಮೀರದ ಜೋಡಿಗಳೆಷ್ಟು (2×3, 3×2 ಬೇರೆ ಬೇರೆ)? ಪ್ರತಿ ಜೋಡಿಯಲ್ಲೂ ಒಂದಾದರೂ 10ರೊಳಗೇ ಇರುತ್ತದೆ, ಅಲ್ವಾ? ಹಾಗಾಗಿ 100ನ್ನು 1ರಿಂದ 10ರವರೆಗೆ ಭಾಗಿಸಿ, ಶೇಷ ಬಿಟ್ಟು ಕೂಡಿ: 291. 10ರೊಳಗಿನದು ಜೋಡಿಯಲ್ಲಿ ಮೊದಲನೆಯದೂ ಆಗಬಹುದು, ಎರಡನೆಯದೂ ಆಗಬಹುದು, ಅದಕ್ಕೇ ದುಪ್ಪಟ್ಟು ಮಾಡಿ: 582. ಎರಡೂ 10ರೊಳಗಿರುವ 100 ಜೋಡಿ ಎರಡು ಸಲ ಬಂದಿವೆ, ಕಳೆಯಿರಿ: 482. ಈಗ 100ರ ನ್ಯಾಚುರಲ್ ಲಾಗ್ ಅನ್ನು 100ರಿಂದ ಗುಣಿಸಿ: ಸುಮಾರು 460, 482ಕ್ಕೆ ಹತ್ತಿರ! ಲಾಗ್ ಇಣುಕುವುದು ಇಲ್ಲೇ.

ಆಮೇಲೆ ಏಬಲ್ ಸಮೇಶನ್ (ಮೊತ್ತವನ್ನು ಇಂಟಿಗ್ರಲ್ ಆಗಿ ಬದಲಿಸುವ ವಿಧಾನ), ಅವಿಭಾಜ್ಯ ಸಂಖ್ಯೆಗಳ ಎಣಿಕೆಗೆ ಗಣಿತಜ್ಞ ಚೆಬಿಶೇವ್ ಕೊಟ್ಟ ಅಂದಾಜುಗಳು. ಪ್ರೈಮ್ ನಂಬರ್ ಥಿಯರಮ್‌ನ (ಒಂದು ಮಿತಿಯೊಳಗೆ ಸುಮಾರು ಎಷ್ಟು ಅವಿಭಾಜ್ಯ ಸಂಖ್ಯೆಗಳಿವೆ ಎಂದು ಹೇಳುವ ಪ್ರಮೇಯ) 1896ರ ಪ್ರೂಫ್‌ಗೆ ಬಂದಾಗ ಕಾಂಪ್ಲೆಕ್ಸ್ ಹಿಡಿಯಿರಿ.